ಒಂದೇ ತಿರುವಿನಲ್ಲಿ ಐದು ಜನ ಬಿದ್ದರೆ ತಪ್ಪು ಯಾರದು?

ಪ್ರಶ್ನೆ: ನಾವು ದಿನಾ ಓಡಾಡುವ ರಸ್ತೆಯಲ್ಲಿ ಒಂದು ತಿರುವಿದೆ. ಎರಡು ವರ್ಷದಲ್ಲಿ ಅಲ್ಲಿ ಐದು ಗಾಡಿಗಳು ರಸ್ತೆ ಬಿಟ್ಟು ಹೊರಗೆ ಹೋಗಿವೆ. ಐದೂ ಒಂದೇ ದಿಕ್ಕಿನಿಂದ ಬಂದವು. ಐದನೆಯದು ನನ್ನ ತಮ್ಮನ ಬೈಕು. ಮಳೆ ಬಂದು ನಿಂತಿತ್ತು. ಅವನು ಕುಡಿದಿರಲಿಲ್ಲ, ಹೆಲ್ಮೆಟ್ ಹಾಕಿದ್ದ. ಜಾರಿ ಹೋಗಿ ಮರಕ್ಕೆ ಬಡಿದು ಕಾಲು ಎರಡು ಕಡೆ ಮುರಿದಿದೆ. ನೋಡಲು ಬಂದವರೆಲ್ಲ ಒಂದೇ ಮಾತು ಹೇಳುತ್ತಾರೆ: "ರಸ್ತೆ ಏನು ಎದ್ದು ಬಂದು ಗುದ್ದುತ್ತಾ? ದಿನಾ ಸಾವಿರಾರು ಗಾಡಿ ಹೋಗುತ್ತವೆ, ಅವೆಲ್ಲ ಬೀಳುತ್ತವಾ? ನಿಧಾನಕ್ಕೆ ಹೋಗಬೇಕಿತ್ತು." ತಮ್ಮನೂ ಈಗ ಎಲ್ಲ ತನ್ನದೇ ತಪ್ಪು ಅಂತ ನಂಬಿಬಿಟ್ಟಿದ್ದಾನೆ. ನಿಜವಾಗಿ ರಸ್ತೆಯೇ ಅಪಾಯಕಾರಿ ಆಗಿರಬಹುದಾ? ಅಥವಾ ಎಲ್ಲವೂ ಓಡಿಸುವವರ ಕೈಯಲ್ಲೇ ಇದೆಯಾ?

ಉತ್ತರ: ಆಗಿರಬಹುದು. ಖಂಡಿತ ಆಗಿರಬಹುದು. ಮೊದಲು ಈ ಮಾತನ್ನು ನಿಮ್ಮ ತಮ್ಮನಿಗೆ ತಲುಪಿಸಿ, ಉಳಿದದ್ದನ್ನು ಆಮೇಲೆ ಓದಿ.

ನಾನು ರಸ್ತೆ ಸುರಕ್ಷತೆಯ ಕೆಲಸ ಮಾಡುವ ಎಂಜಿನಿಯರ್. ಅಪಘಾತ ಆದ ಜಾಗಗಳಿಗೆ ಹೋಗಿ, ಅಲ್ಲಿ ಯಾಕೆ ಹಾಗಾಯಿತು ಅಂತ ಹುಡುಕುವುದೇ ನನ್ನ ಕೆಲಸ. ನಿಮ್ಮ ಪತ್ರ ಓದುವಾಗ ಒಂದು ಸಣ್ಣ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಐದೂ ಒಂದೇ ದಿಕ್ಕಿನಿಂದ ಬಂದವು ಅಂತ ಬರೆದಿದ್ದೀರಿ. ಅದರ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮುಂಚೆ ನಿಮ್ಮ ಮನೆಗೆ ಬಂದವರು ಹೇಳಿದ "ಸಾವಿರಾರು ಗಾಡಿ" ಲೆಕ್ಕವನ್ನು ಸ್ವಲ್ಪ ನೋಡೋಣ. ಯಾಕೆಂದರೆ ಈ ಮಾತು ಕೇಳಲು ತುಂಬಾ ಸರಿ ಅನ್ನಿಸುತ್ತದೆ.

ಆ ತಿರುವಿನಲ್ಲಿ ದಿನಕ್ಕೆ 5,000 ಗಾಡಿ ಹೋಗುತ್ತವೆ ಅಂತ ಇಟ್ಟುಕೊಳ್ಳಿ. ಎರಡು ವರ್ಷಕ್ಕೆ 36 ಲಕ್ಷಕ್ಕೂ ಜಾಸ್ತಿ ಆಯಿತು. ಅದರಲ್ಲಿ ಬಿದ್ದದ್ದು ಐದು. ಏಳು ಲಕ್ಷ ಗಾಡಿಗೆ ಒಂದು. ಹೀಗೆ ಹೇಳಿದರೆ ರಸ್ತೆಯದು ಏನೂ ತಪ್ಪಿಲ್ಲ ಅನ್ನಿಸುತ್ತದೆ, ಅಲ್ವಾ? ಈಗ ಅದೇ ರಸ್ತೆಯಲ್ಲಿ ಇದಕ್ಕೆ ಮುಂಚಿನ ತಿರುವು ಮತ್ತು ಇದರ ನಂತರದ ತಿರುವನ್ನು ನೋಡಿ. ಅಲ್ಲಿ ಹೋಗುವುದೂ ಅವೇ 36 ಲಕ್ಷ ಗಾಡಿಗಳು. ಅದೇ ಜನ, ಅದೇ ಟೈರು, ಅದೇ ಅವಸರ, ಅದೇ ಮಳೆ. ಅಲ್ಲಿ ಎಷ್ಟು ಜನ ಬಿದ್ದಿದ್ದಾರೆ? ಒಬ್ಬರೂ ಇಲ್ಲ ಅಂತಾದರೆ, ನಡುವಿನ ತಿರುವು ಬೇರೆಯವು ಕೇಳದ ಏನನ್ನೋ ಓಡಿಸುವವರಿಂದ ಕೇಳುತ್ತಿದೆ ಅಂತಾಯಿತು. ಐದು ಜನರಿಗೆ ಅದನ್ನು ಕೊಡಲು ಆಗಲಿಲ್ಲ.

ನಮ್ಮ ಕೆಲಸದಲ್ಲಿ ಇದೇ ಮೊದಲ ಪರೀಕ್ಷೆ. ಒಬ್ಬನೇ ಮನುಷ್ಯ ಬೇರೆ ಬೇರೆ ಜಾಗದಲ್ಲಿ ಪದೇ ಪದೇ ಗುದ್ದುತ್ತಿದ್ದರೆ ಆ ಮನುಷ್ಯನನ್ನು ನೋಡಬೇಕು. ಬೇರೆ ಬೇರೆ ಮನುಷ್ಯರು ಒಂದೇ ಜಾಗದಲ್ಲಿ, ಒಂದೇ ರೀತಿ ಬೀಳುತ್ತಿದ್ದರೆ ಆ ಜಾಗವನ್ನು ನೋಡಬೇಕು. ಮನೆಯಲ್ಲಿ ಒಂದು ಮೆಟ್ಟಿಲಿನಲ್ಲಿ ಬಂದವರೆಲ್ಲ ಎಡವುತ್ತಿದ್ದರೆ ಮನೆಗೆ ಬರುವವರೆಲ್ಲ ಅಜಾಗರೂಕರು ಅಂತ ಯಾರೂ ಹೇಳುವುದಿಲ್ಲ. ಆ ಮೆಟ್ಟಿಲು ಉಳಿದವಕ್ಕಿಂತ ಎತ್ತರ ಇದೆಯಾ ಅಂತ ಅಳೆದು ನೋಡುತ್ತಾರೆ.

ಹಾಗಾದರೆ "ಹತ್ತರಲ್ಲಿ ಒಂಬತ್ತು ಅಪಘಾತಕ್ಕೆ ಮನುಷ್ಯನೇ ಕಾರಣ" ಎಂದು ಆಗಾಗ ಕೇಳುವ ಮಾತು ಎಲ್ಲಿಂದ ಬಂತು? ಅದು ಸುಳ್ಳಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ 1970ರ ದಶಕದಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. ಅದರ ವರದಿ 1979ರಲ್ಲಿ ಬಂತು. ಶೇಕಡಾ 90ಕ್ಕಿಂತ ಹೆಚ್ಚು ಅಪಘಾತಗಳಲ್ಲಿ ಓಡಿಸುವವರ ಏನಾದರೂ ಒಂದು ತಪ್ಪು ಸೇರಿತ್ತು ಎಂದು ಅದು ಹೇಳಿತು. ಈ ಸಾಲನ್ನು ಮಾತ್ರ ಜಗತ್ತೆಲ್ಲ ನೆನಪಿಟ್ಟುಕೊಂಡಿದೆ. ಅದೇ ವರದಿಯ ಇನ್ನೊಂದು ಅಂಕಿಯನ್ನು ಯಾರೂ ಹೇಳುವುದಿಲ್ಲ. ಸುಮಾರು ಮೂರನೇ ಒಂದು ಭಾಗದಷ್ಟು ಅಪಘಾತಗಳಲ್ಲಿ ರಸ್ತೆ ಮತ್ತು ಸುತ್ತಲಿನ ಪರಿಸರದ ಪಾಲೂ ಇತ್ತು. 90 ಮತ್ತು 33 ಕೂಡಿದರೆ 100 ದಾಟುತ್ತದಲ್ಲ ಅಂತ ನೀವು ಕೇಳಬಹುದು. ದಾಟಲೇಬೇಕು. ಯಾಕೆಂದರೆ ಒಂದೇ ಅಪಘಾತಕ್ಕೆ ಎರಡು ಮೂರು ಕಾರಣ ಒಟ್ಟಿಗೆ ಇರುತ್ತವೆ. ಒಂದು ಕಾರಣ ಸಿಕ್ಕಿತು ಅಂದ ಮಾತ್ರಕ್ಕೆ ಇನ್ನೊಂದು ಮಾಯವಾಗುವುದಿಲ್ಲ.

ಇನ್ನೊಂದು ವಿಷಯ. ಆ ಅಧ್ಯಯನ ಎಣಿಸಿದ್ದು ಅಪಘಾತ ಹೇಗೆ ಶುರುವಾಯಿತು ಎಂಬುದನ್ನು. ಅದು ಹೇಗೆ ಮುಗಿಯಿತು ಎಂಬುದು ಬೇರೆಯೇ ಲೆಕ್ಕ. ನಿಮ್ಮ ತಮ್ಮ ಜಾರಿದ್ದು ಶುರು. ಮರಕ್ಕೆ ಬಡಿದದ್ದು ಮುಗಿದ ಬಗೆ. ಎರಡನ್ನೂ ಬೇರೆ ಬೇರೆಯಾಗಿ ನೋಡೋಣ.

ಮೊದಲು ಜಾರಿದ್ದು. ಗಾಡಿ ತಿರುವಿನಲ್ಲಿ ತಿರುಗುವುದು ಟೈರು ಮತ್ತು ರಸ್ತೆಯ ನಡುವಿನ ಹಿಡಿತದಿಂದ. ತಿರುವು ಎಷ್ಟು ಬಿಗಿಯೋ ಅಷ್ಟು ಜಾಸ್ತಿ ಹಿಡಿತ ಬೇಕು. ವೇಗ ಹೆಚ್ಚಾದರೆ ಬೇಕಾದ ಹಿಡಿತ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. 100 ಮೀಟರ್ ತ್ರಿಜ್ಯದ ತಿರುವೊಂದನ್ನು ತೆಗೆದುಕೊಳ್ಳಿ. ರಸ್ತೆ ಸಮತಟ್ಟಾಗಿದ್ದರೆ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿಗೆ ಅದರ ತೂಕದ ಐದನೇ ಒಂದು ಭಾಗದಷ್ಟು ಹಿಡಿತ ಸಾಕು. ಅಂದರೆ 0.20. 70ರಲ್ಲಿ ಹೋದರೆ 0.39 ಬೇಕು. ವೇಗ ಏರಿದ್ದು 20 ಅಷ್ಟೇ, ಬೇಕಾದ ಹಿಡಿತ ಹೆಚ್ಚು ಕಡಿಮೆ ಎರಡು ಪಟ್ಟಾಯಿತು.

ಈಗ ರಸ್ತೆಯ ಕಡೆ ಬನ್ನಿ. ಚೆನ್ನಾಗಿ ಕಟ್ಟಿದ ತಿರುವು ಒಳಗಡೆಗೆ ಓರೆಯಾಗಿರುತ್ತದೆ. ಹೊರ ಅಂಚು ಎತ್ತರ, ಒಳ ಅಂಚು ತಗ್ಗು. 100 ಸೆಂಟಿಮೀಟರ್ ಅಗಲಕ್ಕೆ 7 ಸೆಂಟಿಮೀಟರ್ ಓರೆ ಇದ್ದರೆ, 70ರಲ್ಲಿ ಹೋಗುವವನಿಗೆ ಬೇಕಾದ ಹಿಡಿತ 0.39ರಿಂದ ಸುಮಾರು 0.32ಕ್ಕೆ ಇಳಿಯುತ್ತದೆ. ಉಳಿದ ಭಾರವನ್ನು ರಸ್ತೆಯ ಓರೆಯೇ ಹೊತ್ತುಕೊಳ್ಳುತ್ತದೆ. ಆದರೆ ಎಷ್ಟೋ ಹಳೆಯ ರಸ್ತೆಗಳಲ್ಲಿ ತಿರುವಿನಲ್ಲೂ ನೇರ ರಸ್ತೆಯಲ್ಲಿ ಇರುವ ಹಾಗೆ ನಡು ಎತ್ತರ, ಎರಡೂ ಅಂಚು ತಗ್ಗು ಇರುತ್ತದೆ. ಮಳೆನೀರು ಹರಿದು ಹೋಗಲಿ ಅಂತ ಹಾಗೆ ಮಾಡಿರುತ್ತಾರೆ. ಇಂಥ ತಿರುವಿನಲ್ಲಿ ಒಳಪಕ್ಕದಲ್ಲಿ ಹೋಗುವವರಿಗೆ ಓರೆ ಸಹಾಯ ಮಾಡುತ್ತದೆ. ಹೊರಪಕ್ಕದಲ್ಲಿ ಹೋಗುವವರಿಗೆ ಅದೇ ಓರೆ ಉಲ್ಟಾ ಆಗುತ್ತದೆ, ಅವರನ್ನು ಹೊರಗೆ ತಳ್ಳುತ್ತದೆ. ಆ ಕಡೆಗೆ 100 ಸೆಂಟಿಮೀಟರ್‌ಗೆ 3 ಸೆಂಟಿಮೀಟರ್ ವಾಲಿದ್ದರೂ ಸಾಕು, ಬೇಕಾದ ಹಿಡಿತ 0.42 ಆಗುತ್ತದೆ.

ಒದ್ದೆಯಾದ, ಸವೆದು ನುಣುಪಾದ ಡಾಂಬರು ಕೊಡುವ ಹಿಡಿತ 0.35ರ ಆಸುಪಾಸಿಗೆ ಇಳಿಯಬಹುದು. ಅಂಥ ಮೇಲ್ಮೈ ಮೇಲೆ ಒಬ್ಬ 70ರಲ್ಲಿ ಬಂದ ಅಂತ ಇಟ್ಟುಕೊಳ್ಳಿ. ಸರಿಯಾದ ಓರೆ ಇರುವ ತಿರುವಿನಲ್ಲಿ ಅವನಿಗೆ ಬೇಕಾದದ್ದು 0.32. ಅವನು ಸ್ವಲ್ಪ ಹೆದರಿ, ಮನೆಗೆ ಹೋಗುತ್ತಾನೆ. ಉಲ್ಟಾ ಓರೆ ಇರುವ ತಿರುವಿನಲ್ಲಿ ಬೇಕಾದದ್ದು 0.42. ಅವನು ರಸ್ತೆ ಬಿಟ್ಟು ಹೊರಗೆ ಹೋಗುತ್ತಾನೆ. ಅದೇ ಮನುಷ್ಯ, ಅದೇ ವೇಗ, ಅದೇ ಮಳೆ. ಬೇರೆಯಾಗಿದ್ದು ರಸ್ತೆಯ ಓರೆ ಮಾತ್ರ.

ಈಗ ನಿಮ್ಮ ಐದು ಗಾಡಿಗಳಿಗೆ ಬರೋಣ. ಬರೀ ಆಕಸ್ಮಿಕವಾಗಿದ್ದರೆ ಕೆಲವು ಆ ಕಡೆಯಿಂದ, ಕೆಲವು ಈ ಕಡೆಯಿಂದ ಬಂದಿರಬೇಕಿತ್ತು. ಎರಡೂ ಕಡೆ ಸರಿಸಮ ಗಾಡಿ ಓಡಾಡುತ್ತಿದ್ದರೆ ಐದಕ್ಕೆ ಐದೂ ಒಂದೇ ದಿಕ್ಕಿನವು ಆಗುವ ಸಾಧ್ಯತೆ 16ರಲ್ಲಿ 1. ಇದು ಪುರಾವೆ ಅಂತ ನಾನು ಹೇಳುವುದಿಲ್ಲ. ಆದರೆ ನಾನು ಆ ಜಾಗಕ್ಕೆ ಬಂದರೆ ಮೊದಲು ಮಾಡುವ ಕೆಲಸ ಆ ದಿಕ್ಕಿನ ಪಕ್ಕದ ಓರೆಯನ್ನು ಅಳೆಯುವುದು. ನಿಮ್ಮ ತಮ್ಮ ತಿರುವಿನ ಹೊರಪಕ್ಕದಲ್ಲಿ ಬರುತ್ತಿದ್ದನಾ ಎಂದು ಅವನನ್ನೇ ಕೇಳಿ ನೋಡಿ.

ಓರೆಯೊಂದೇ ಅಲ್ಲ. ಡಾಂಬರಿಗೆ ಹಾಕುವ ಜಲ್ಲಿಯೂ ಮುಖ್ಯ. ಕೆಲವು ಬಗೆಯ ಕಲ್ಲು ಟೈರಿನ ಉಜ್ಜಾಟಕ್ಕೆ ವರ್ಷ ಕಳೆದಂತೆ ಗಾಜಿನ ಹಾಗೆ ನುಣುಪಾಗುತ್ತದೆ. ತಿರುವಿನಲ್ಲಿ ಮತ್ತು ಸಿಗ್ನಲ್ ಹತ್ತಿರ ಉಜ್ಜಾಟ ಜಾಸ್ತಿ, ಹಾಗಾಗಿ ಹಿಡಿತ ಎಲ್ಲಿ ಹೆಚ್ಚು ಬೇಕೋ ಅಲ್ಲೇ ಬೇಗ ಸವೆಯುತ್ತದೆ. ಕಣ್ಣಿಗೆ ಆ ರಸ್ತೆ ಚೆನ್ನಾಗಿಯೇ ಕಾಣುತ್ತದೆ. ಗುಂಡಿ ಇಲ್ಲ, ಬಿರುಕು ಇಲ್ಲ. ಹಿಡಿತವನ್ನು ಅಳೆಯುವ ಯಂತ್ರ ಓಡಿಸಿದರೆ ಮಾತ್ರ ಗೊತ್ತಾಗುತ್ತದೆ. ಬಹಳ ದಿನ ಒಣಗಿದ ಮೇಲೆ ಬರುವ ಮೊದಲ ಮಳೆ ಇದಕ್ಕೆ ಸೇರಿದರೆ ಇನ್ನೂ ಕಷ್ಟ. ಧೂಳು, ಎಣ್ಣೆ, ಟೈರಿನ ಪುಡಿ ಎಲ್ಲ ನೀರಿನ ಜೊತೆ ಕಲಸಿ ಲೋಳೆಯಾಗುತ್ತದೆ.

ತಿರುವಿಗೆ ಬರುವ ದಾರಿಯೂ ಲೆಕ್ಕಕ್ಕೆ ಬರುತ್ತದೆ. ತಿರುವಿನ ಮೇಲೆ ತಿರುವು ಇರುವ ರಸ್ತೆಯಲ್ಲಿ ಓಡಿಸುವವರು ತಾವಾಗಿಯೇ ಎಚ್ಚರ ಇರುತ್ತಾರೆ. ಎರಡು ಕಿಲೋಮೀಟರ್ ಗೆರೆ ಎಳೆದ ಹಾಗೆ ನೇರ ಬಂದು ಆಮೇಲೆ ಒಂದೇ ಒಂದು ಬಿಗಿ ತಿರುವು ಬಂದರೆ ಅದೇ ಅಪಾಯ. ರೂಡಿಗರ್ ಲಾಮ್ ಎಂಬ ಎಂಜಿನಿಯರ್ ಇದಕ್ಕೆ ಒಂದು ಸರಳ ಅಳತೆ ಕೊಟ್ಟಿದ್ದಾರೆ. ಒಂದು ಭಾಗದಿಂದ ಮುಂದಿನ ಭಾಗಕ್ಕೆ ಜನ ತಮ್ಮ ವೇಗದಲ್ಲಿ ಗಂಟೆಗೆ 10 ಕಿಲೋಮೀಟರ್ ಅಥವಾ ಅದಕ್ಕಿಂತ ಕಡಿಮೆ ಇಳಿಸಿದರೆ ಸಾಕು ಎಂದಾದರೆ ರಸ್ತೆಯ ವಿನ್ಯಾಸ ಚೆನ್ನಾಗಿದೆ. 20ಕ್ಕಿಂತ ಜಾಸ್ತಿ ಇಳಿಸಬೇಕಾದರೆ ಕೆಟ್ಟದ್ದು. ನನಗೆ ಈ ಅಳತೆ ಇಷ್ಟ. ಇದು ಮನುಷ್ಯ ಹೇಗಿರಬೇಕು ಅಂತ ಕೇಳುವುದಿಲ್ಲ, ಮನುಷ್ಯ ಹೇಗಿದ್ದಾನೋ ಹಾಗೆ ತೆಗೆದುಕೊಂಡು ರಸ್ತೆಯನ್ನು ಅಳೆಯುತ್ತದೆ.

ಡಾಂಬರಿನ ಅಂಚಿನ ವಿಷಯವನ್ನೂ ಹೇಳಬೇಕು. ಇದು ಬಹಳ ಜನರಿಗೆ ಗೊತ್ತಿಲ್ಲ. ರಸ್ತೆಗೆ ಮೇಲಿಂದ ಮೇಲೆ ಹೊಸ ಡಾಂಬರು ಹಾಕುತ್ತಾ ಹೋಗುತ್ತಾರೆ, ಪಕ್ಕದ ಮಣ್ಣು ಮಾತ್ರ ಹಾಗೇ ಉಳಿಯುತ್ತದೆ ಅಥವಾ ಮಳೆಗೆ ಕೊಚ್ಚಿಹೋಗುತ್ತದೆ. ಕೊನೆಗೆ ಅಂಚಿನಲ್ಲಿ ಒಂದು ಗೇಣಿನಷ್ಟು ಇಳಿತ ಉಳಿಯುತ್ತದೆ. ಎದುರಿಂದ ದೊಡ್ಡ ಗಾಡಿ ಬಂತು ಅಂತ ಕಾರಿನವರು ಸ್ವಲ್ಪ ಪಕ್ಕಕ್ಕೆ ಸರಿಯುತ್ತಾರೆ, ಒಂದು ಚಕ್ರ ಕೆಳಗೆ ಇಳಿಯುತ್ತದೆ. ಮೇಲೆ ಹತ್ತಿಸಲು ಸ್ಟೇರಿಂಗ್ ತಿರುಗಿಸಿದರೆ ಟೈರಿನ ಗೋಡೆ ಡಾಂಬರಿನ ಅಂಚಿಗೆ ಉಜ್ಜುತ್ತದೆ, ಹತ್ತುವುದಿಲ್ಲ. ಇನ್ನೂ ಜಾಸ್ತಿ ತಿರುಗಿಸುತ್ತಾರೆ. ಆಗ ಟೈರು ತಟ್ಟನೆ ಹತ್ತಿಬಿಡುತ್ತದೆ. ಸ್ಟೇರಿಂಗ್ ಅಷ್ಟೂ ತಿರುಗಿಯೇ ಇರುವುದರಿಂದ ಗಾಡಿ ಒಂದೇ ಏಟಿಗೆ ಎದುರಿನ ಸಾಲಿಗೆ ನುಗ್ಗುತ್ತದೆ. ನೋಡಿದವರು "ಏಕಾಏಕಿ ಅಡ್ಡ ಬಂದ, ನಿದ್ದೆ ಮಾಡುತ್ತಿದ್ದ ಅನ್ನಿಸುತ್ತದೆ" ಅನ್ನುತ್ತಾರೆ. ಕಾಗದದ ಮೇಲೂ ಚಾಲಕನ ನಿರ್ಲಕ್ಷ್ಯ ಎಂದೇ ಬರುತ್ತದೆ. ಇದಕ್ಕೆ ಪರಿಹಾರ ತುಂಬಾ ಸುಲಭ. ಡಾಂಬರು ಹಾಕುವಾಗಲೇ ಅಂಚನ್ನು ಸುಮಾರು 30 ಡಿಗ್ರಿ ಇಳಿಜಾರು ಮಾಡಿದರೆ ಚಕ್ರ ಮೆಲ್ಲಗೆ ಹತ್ತುತ್ತದೆ. ಇಷ್ಟು ಸಣ್ಣ ಕೆಲಸ ಮಾಡದೆ ಜನ ಸಾಯುವುದನ್ನು ನೋಡಿದಾಗ ನನಗೆ ಈಗಲೂ ಸಂಕಟ ಆಗುತ್ತದೆ.

ಇನ್ನು ಮರ. ಗಾಡಿ ರಸ್ತೆ ಬಿಟ್ಟ ಮೇಲೆ ಏನಾಗುತ್ತದೆ ಎಂಬುದು ಬಹಳ ಕಾಲ ಯಾರ ಚಿಂತೆಯೂ ಆಗಿರಲಿಲ್ಲ. ರಸ್ತೆ ಬಿಟ್ಟವನು ತಪ್ಪು ಮಾಡಿದವನು, ಅವನ ಹಣೆಬರಹ ಅವನದು ಎಂಬ ಭಾವನೆ ಇತ್ತು. ಇದನ್ನು ಬದಲಿಸಿದವರಲ್ಲಿ ಕೆನೆತ್ ಸ್ಟೋನೆಕ್ಸ್ ಒಬ್ಬರು. ಅವರು ಅಮೆರಿಕದ ಮಿಶಿಗನ್‌ನಲ್ಲಿ ಜನರಲ್ ಮೋಟರ್ಸ್ ಕಂಪನಿಯ ಕಾರು ಪರೀಕ್ಷಾ ಮೈದಾನದಲ್ಲಿ ಎಂಜಿನಿಯರ್ ಆಗಿದ್ದರು. ಅಲ್ಲಿ ಓಡಿಸುತ್ತಿದ್ದವರೆಲ್ಲ ಪಳಗಿದ ಚಾಲಕರು. ಎದುರಿಂದ ಗಾಡಿ ಇಲ್ಲ, ಮಕ್ಕಳು ಮರಿ ಅಡ್ಡ ಬರುವುದಿಲ್ಲ. ಆದರೂ ಗಾಡಿಗಳು ಆಗಾಗ ರಸ್ತೆ ಬಿಟ್ಟು ಹೊರಗೆ ಹೋಗುತ್ತಲೇ ಇದ್ದವು. ಇಷ್ಟು ನುರಿತವರೇ ಹೀಗೆ ಅಂದರೆ ಬೇರೆಯವರ ಪಾಡೇನು ಅಂತ ಅವರು ಯೋಚಿಸಿದರು. ಮೈದಾನದ ರಸ್ತೆಗಳ ಪಕ್ಕದಲ್ಲಿದ್ದ ಮರ, ಕಂಬ, ಚರಂಡಿ ಎಲ್ಲ ತೆಗೆಸಿ, ಇಳಿಜಾರನ್ನು ಸಮತಟ್ಟು ಮಾಡಿಸಿದರು. ಹೊರಗೆ ಹೋದ ಗಾಡಿಗಳಲ್ಲಿ ಹೆಚ್ಚಿನವು ಸುಮಾರು 9 ಮೀಟರ್ ಒಳಗೆ ಹತೋಟಿಗೆ ಬರುತ್ತವೆ ಎಂದು ಗೊತ್ತಾಯಿತು. ಹೆದ್ದಾರಿಗಳ ಪಕ್ಕದಲ್ಲಿ ಖಾಲಿ ಜಾಗ ಬಿಡುವ ಪದ್ಧತಿ ಬೆಳೆದದ್ದು ಇಂಥ ಪಾಠಗಳಿಂದ. "ಕ್ಷಮಿಸುವ ರಸ್ತೆ" ಎಂದು ನಮ್ಮ ಕೆಲಸದಲ್ಲಿ ಇದಕ್ಕೆ ಹೆಸರು. ಎಂಜಿನಿಯರಿಂಗ್‌ನಲ್ಲಿ ಇಷ್ಟು ಕರುಣೆಯ ಪದ ಇನ್ನೊಂದನ್ನು ನಾನು ಕೇಳಿಲ್ಲ.

ನಿಮ್ಮ ತಮ್ಮ ಜಾರಿದ ಜಾಗದಲ್ಲಿ ಆ ಮರ ಇಲ್ಲದೆ ಹತ್ತು ಮೀಟರ್ ಹುಲ್ಲು ಇದ್ದಿದ್ದರೆ? ಮೈಕೈ ತರಚಿಕೊಂಡು ಎದ್ದು ಬರುತ್ತಿದ್ದನೋ ಏನೋ. ಅವನ "ತಪ್ಪು" ಅಷ್ಟೇ ಇರುತ್ತಿತ್ತು. ಕಾಲು ಮುರಿಯುತ್ತಿರಲಿಲ್ಲ. ಎಲ್ಲ ಮರ ಕಡಿಯಿರಿ ಅಂತ ಇದರ ಅರ್ಥ ಅಲ್ಲ. ತಿರುವಿನ ಹೊರ ಅಂಚು, ಗಾಡಿಗಳು ಹೊರಗೆ ಹಾರುವ ನೇರದಲ್ಲಿ ಏನಿದೆ ಎಂಬುದು ಮಾತ್ರ ಪ್ರಶ್ನೆ. ಅಲ್ಲಿ ಮರ ಬೇಕೇ ಬೇಕು ಅಂದರೆ ಮುಂದೆ ತಡೆಬೇಲಿ ಹಾಕಬೇಕು. ತಡೆಬೇಲಿಯನ್ನೂ ಸುಮ್ನೆ ಹಾಕಿದರೆ ಆಗುವುದಿಲ್ಲ. ಅದರ ತುದಿಯನ್ನು ಹಾಗೇ ಬಿಟ್ಟರೆ ಆ ಕಬ್ಬಿಣದ ಪಟ್ಟಿ ಈಟಿಯ ಹಾಗೆ ಕಾರಿನೊಳಗೆ ನುಗ್ಗುತ್ತದೆ. ಬೈಕಿನವರು ಜಾರಿ ಬೇಲಿಯ ಕೆಳಗೆ ತೂರಿಹೋಗದಂತೆ ಕೆಳಗೂ ಒಂದು ಪಟ್ಟಿ ಬೇಕು.

ನಿಮ್ಮ ಪ್ರಶ್ನೆಯ ಇನ್ನೊಂದು ಅರ್ಧ, ಓಡಿಸುವವರ ಕೈ. "ನಿಧಾನಕ್ಕೆ ಹೋಗಬೇಕಿತ್ತು" ಎಂಬ ಮಾತು ಸರಿಯೇ. ವೇಗ ಕಡಿಮೆ ಆದಷ್ಟೂ ಒಳ್ಳೆಯದು. ಸ್ವೀಡನ್ನಿನ ಗೋರನ್ ನಿಲ್ಸನ್ ಅವರ ಲೆಕ್ಕ ಪ್ರಸಿದ್ಧ. ಒಂದು ರಸ್ತೆಯ ಸರಾಸರಿ ವೇಗ ಶೇಕಡಾ 5 ಇಳಿದರೆ ಅಲ್ಲಿ ಸಾವು ತರುವ ಅಪಘಾತಗಳು ಸುಮಾರು ಶೇಕಡಾ 20 ಇಳಿಯುತ್ತವೆ. ನಡೆದು ಹೋಗುವವರಿಗೆ 50ರ ಬದಲು 65 ಕಿಲೋಮೀಟರ್ ವೇಗದ ಕಾರು ಬಡಿದರೆ ಸಾಯುವ ಅಪಾಯ ನಾಲ್ಕೂವರೆ ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕುಡಿದು ಓಡಿಸುವುದು, ಫೋನ್ ನೋಡುತ್ತಾ ಓಡಿಸುವುದು, ಬೆಲ್ಟ್ ಹಾಕದಿರುವುದು, ಇವುಗಳಿಗೆ ಯಾವ ರಸ್ತೆಯ ನೆಪವನ್ನೂ ನಾನು ಒಪ್ಪುವುದಿಲ್ಲ. ಇವುಗಳಿಂದ ಸತ್ತವರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆದರೆ ಜನ ವೇಗವನ್ನು ಹೇಗೆ ಆರಿಸಿಕೊಳ್ಳುತ್ತಾರೆ? ಬೋರ್ಡ್ ನೋಡಿಯಾ? ಬಹುಪಾಲು ಅಲ್ಲ. ರಸ್ತೆ ನೋಡಿ. ಅಗಲವಾದ, ನೇರವಾದ, ಎರಡೂ ಕಡೆ ಖಾಲಿ ಇರುವ ರಸ್ತೆಯ ಪಕ್ಕ 30 ಅಂತ ಬೋರ್ಡ್ ನೆಟ್ಟರೆ ಬೋರ್ಡ್ ಒಂದು ಹೇಳುತ್ತದೆ, ರಸ್ತೆ ಇನ್ನೊಂದು ಹೇಳುತ್ತದೆ. ಗೆಲ್ಲುವುದು ಸಾಮಾನ್ಯವಾಗಿ ರಸ್ತೆಯ ಮಾತು. ನೆದರ್ಲೆಂಡ್ಸ್ ದೇಶದವರು 1990ರ ದಶಕದಿಂದ ಇದನ್ನೇ ಹಿಡಿದು ಕೆಲಸ ಮಾಡಿದರು. ನೋಡಿದ ಕೂಡಲೇ ಇಲ್ಲಿ ಎಷ್ಟು ವೇಗ ಸರಿ ಅಂತ ಗೊತ್ತಾಗಬೇಕು, ರಸ್ತೆ ತನ್ನನ್ನು ತಾನೇ ವಿವರಿಸಬೇಕು ಅನ್ನುವುದು ಅವರ ನಿಯಮ. ಮನೆಗಳಿರುವ ಬೀದಿಯನ್ನು ಕಿರಿದು ಮಾಡಿದರು, ಇಟ್ಟಿಗೆ ಹಾಸಿದರು, ಬಾಯಲ್ಲಿ ಉಬ್ಬು ಇಟ್ಟರು. ಅಲ್ಲಿ 50ರಲ್ಲಿ ಹೋಗಬೇಕು ಅನ್ನಿಸುವುದೇ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ರಸ್ತೆ "ಚೆನ್ನಾಗಿ" ಆಯಿತು ಅಂದರೆ ಸುರಕ್ಷಿತ ಆಯಿತು ಅಂತಲ್ಲ. ಗುಂಡಿ ಬಿದ್ದ ರಸ್ತೆಗೆ ನುಣ್ಣಗೆ ಡಾಂಬರು ಹಾಕಿ, ತಿರುವು, ಓರೆ, ಅಂಚು ಯಾವುದನ್ನೂ ಮುಟ್ಟದೆ ಬಿಟ್ಟರೆ, ಮೊದಲು 40ರಲ್ಲಿ ಹೋಗುತ್ತಿದ್ದವರು 70ಕ್ಕೆ ಏರುತ್ತಾರೆ. ಆ ತಿರುವು ಇನ್ನೂ 40ರದ್ದೇ. ನಿಮ್ಮ ರಸ್ತೆಗೆ ಎರಡು ಮೂರು ವರ್ಷದ ಹಿಂದೆ ಹೊಸ ಡಾಂಬರು ಬಿದ್ದಿತ್ತಾ ಅಂತ ನೆನಪು ಮಾಡಿಕೊಳ್ಳಿ. ಕಣ್ಣಿಗೆ ಭಯ ಹುಟ್ಟಿಸುವ ರಸ್ತೆಗಿಂತ ಭಯ ಹುಟ್ಟಿಸದೆ ಮೋಸ ಮಾಡುವ ರಸ್ತೆಯನ್ನು ಕಂಡರೆ ನನಗೆ ಹೆದರಿಕೆ ಜಾಸ್ತಿ.

ಜನರನ್ನು ಎಚ್ಚರಿಸಿ ಎಚ್ಚರಿಸಿ ಎಲ್ಲ ಸರಿ ಮಾಡಬಹುದಾ ಎಂಬುದಕ್ಕೂ ಒಂದು ಉದಾಹರಣೆ ಇದೆ. 1967ರ ಸೆಪ್ಟೆಂಬರ್ 3ರಂದು ಸ್ವೀಡನ್ ದೇಶ ಒಂದೇ ದಿನದಲ್ಲಿ ಎಡಗಡೆ ಓಡಿಸುವುದನ್ನು ಬಿಟ್ಟು ಬಲಗಡೆಗೆ ಬದಲಾಯಿತು. ಅಪಘಾತ ಹೆಚ್ಚಬಹುದು ಅಂತ ಎಲ್ಲರೂ ಹೆದರಿದ್ದರು. ಆದರೆ ಕಡಿಮೆ ಆಯಿತು. ಇಡೀ ದೇಶ ಉಸಿರು ಬಿಗಿಹಿಡಿದು ಓಡಿಸುತ್ತಿತ್ತಲ್ಲ! ಎರಡು ವರ್ಷ ಕಳೆಯುವಷ್ಟರಲ್ಲಿ ಅಪಘಾತಗಳು ಹಳೆಯ ಮಟ್ಟಕ್ಕೇ ಬಂದವು. ಅಂದರೆ ಎಚ್ಚರಿಕೆ ಕೆಲಸ ಮಾಡುತ್ತದೆ, ಆದರೆ ಅದು ಸವೆದುಹೋಗುತ್ತದೆ. ಯಾವ ಮನುಷ್ಯನೂ ವರ್ಷಗಟ್ಟಲೆ ಅಷ್ಟು ಬಿಗಿಯಾಗಿ ಇರಲಾರ.

ಅದೇ ಸ್ವೀಡನ್ ಮೂವತ್ತು ವರ್ಷದ ಮೇಲೆ, 1997ರಲ್ಲಿ, ಬೇರೆ ದಾರಿ ಹಿಡಿಯಿತು. ರಸ್ತೆಯಲ್ಲಿ ಯಾರೂ ಸಾಯಬಾರದು, ಜೀವನಪೂರ್ತಿ ಊನ ಆಗಬಾರದು ಎಂಬುದನ್ನು ಸಂಸತ್ತು ಗುರಿಯಾಗಿ ಒಪ್ಪಿತು. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಶಿಕ್ಷೆ ಸಾವು ಆಗಬಾರದು, ಹಾಗಾಗಿ ರಸ್ತೆ ಕಟ್ಟುವವರಿಗೂ ಹೊಣೆ ಇದೆ ಎಂದು ಅದು ಹೇಳಿತು. ಅಲ್ಲಿ 13 ಮೀಟರ್ ಅಗಲದ ಎರಡು ಸಾಲಿನ ರಸ್ತೆಗಳು ತುಂಬಾ ಇದ್ದವು. ಓವರ್‌ಟೇಕ್ ಮಾಡಲು ಹೋಗಿ ಎದುರಾಬದುರು ಗುದ್ದಿ ಜನ ಸಾಯುತ್ತಿದ್ದರು. ರಸ್ತೆಯನ್ನು ಅಗಲ ಮಾಡಲಿಲ್ಲ. ಇದ್ದ ಅಗಲದಲ್ಲೇ ಮೂರು ಸಾಲು ಎಳೆದು, ನಡುವಿನ ಸಾಲನ್ನು ಒಮ್ಮೆ ಈ ಕಡೆಯವರಿಗೆ, ಒಮ್ಮೆ ಆ ಕಡೆಯವರಿಗೆ ಕೊಟ್ಟು, ಎರಡು ದಿಕ್ಕಿನ ನಡುವೆ ಉಕ್ಕಿನ ಹಗ್ಗದ ಬೇಲಿ ಕಟ್ಟಿದರು. ಮೊದಲನೆಯದು 1998ರಲ್ಲಿ ಶುರುವಾಯಿತು. ಇಂಥ ರಸ್ತೆಗಳಲ್ಲಿ ಸಾವು ಸುಮಾರು ಮುಕ್ಕಾಲು ಭಾಗ ಕಡಿಮೆ ಆಯಿತು. ಚಾಲಕರು ಬದಲಾಗಲಿಲ್ಲ. ಬೇಲಿಗೆ ಗುದ್ದುವ ಗಾಡಿಗಳು ಈಗಲೂ ಇವೆ. ಬೇಲಿ ಇಲ್ಲದಿದ್ದರೆ ಅವು ಎದುರಿನವರಿಗೆ ಗುದ್ದುತ್ತಿದ್ದವು.

ಜಂಕ್ಷನ್‌ಗಳದ್ದೂ ಇದೇ ಕತೆ, ಚಿಕ್ಕದಾಗಿ ಹೇಳುತ್ತೇನೆ. ನಾಲ್ಕು ರಸ್ತೆ ಸೇರುವ ಸಾಮಾನ್ಯ ಜಂಕ್ಷನ್‌ನಲ್ಲಿ ಗಾಡಿಗಳ ದಾರಿ ಒಂದಕ್ಕೊಂದು ತಾಗುವ ಜಾಗಗಳು 32. ಅಲ್ಲೇ ಒಂದು ಸಾಲಿನ ವೃತ್ತ ಕಟ್ಟಿದರೆ ಅವು 8ಕ್ಕೆ ಇಳಿಯುತ್ತವೆ. ಎಲ್ಲರೂ ನಿಧಾನ ಆಗಲೇಬೇಕು, ಗುದ್ದಿದರೂ ಓರೆಯಾಗಿ ಗುದ್ದುತ್ತಾರೆ. ಅಮೆರಿಕದಲ್ಲಿ ಹೀಗೆ ಬದಲಾಯಿಸಿದ ಜಂಕ್ಷನ್‌ಗಳ ಅಧ್ಯಯನ 2000ದಲ್ಲಿ ಬಂತು. ಗಾಯ ಆಗುವ ಅಪಘಾತ ಸುಮಾರು ಮುಕ್ಕಾಲು ಭಾಗ ಇಳಿದಿತ್ತು, ಸಾವು ಅದಕ್ಕಿಂತಲೂ ಜಾಸ್ತಿ.

ಬೊಲಿವಿಯಾದ ಲಾ ಪಾಜ್‌ನಿಂದ ಕೊರೊಯಿಕೊಗೆ ಹೋಗುವ ಹಳೆಯ ಬೆಟ್ಟದ ದಾರಿಯ ಬಗ್ಗೆ ನೀವು ಕೇಳಿರಬಹುದು. ಸಾವಿನ ರಸ್ತೆ ಅಂತಲೇ ಅದರ ಹೆಸರು. ಎಷ್ಟೋ ಕಡೆ ಮೂರು ಮೀಟರ್ ಅಗಲ, ಪಕ್ಕದಲ್ಲಿ ನೂರಾರು ಮೀಟರ್ ಆಳದ ಕಣಿವೆ, ತಡೆಬೇಲಿ ಇಲ್ಲ, ಮಂಜು. ಆ ದೇಶದಲ್ಲಿ ಬಲಗಡೆ ಓಡಿಸುತ್ತಾರೆ. ಆ ದಾರಿಯಲ್ಲಿ ಮಾತ್ರ ಎಡಗಡೆ. ಕಣಿವೆ ಪಕ್ಕದ ಚಕ್ರ ಎಲ್ಲಿದೆ ಅಂತ ಚಾಲಕ ಕಿಟಕಿಯಿಂದ ಬಗ್ಗಿ ನೋಡಲು ಆಗಲಿ ಅಂತ ಈ ನಿಯಮ. ಇದಕ್ಕಿಂತ ಜಾಗರೂಕತೆ ಇನ್ನೆಲ್ಲಿ ಇರುತ್ತದೆ? ಆದರೂ ವರ್ಷ ವರ್ಷ ಬಸ್ಸು ಲಾರಿಗಳು ಕೆಳಗೆ ಬೀಳುತ್ತಿದ್ದವು. 2000ರ ದಶಕದಲ್ಲಿ ಬೇರೆ ಹೊಸ ರಸ್ತೆ ತೆರೆದ ಮೇಲೆ ಬಸ್ಸು ಲಾರಿಗಳು ಬಹುಪಾಲು ಅತ್ತ ಹೋದವು. ಹಳೆಯ ದಾರಿ ಈಗ ಹೆಚ್ಚಾಗಿ ಸೈಕಲ್ ಪ್ರವಾಸಿಗರದು.

ಈಗ ನಿಮ್ಮ ತಿರುವಿಗೆ ಏನು ಮಾಡಬಹುದು?

ಮೊದಲು ಬರೆದಿಡಿ. ಐದು ಅಪಘಾತಗಳಿಗೂ ದಿನ, ಹೊತ್ತು, ಮಳೆ ಇತ್ತಾ, ಕತ್ತಲಿತ್ತಾ, ಯಾವ ದಿಕ್ಕು, ಎಲ್ಲಿ ಹಿಡಿತ ತಪ್ಪಿತು, ಕೊನೆಗೆ ಏನಕ್ಕೆ ಬಡಿಯಿತು. ಊರಿನವರು ಠಾಣೆಗೆ ಹೋಗದ ಸಣ್ಣ ಬೀಳುಗಳನ್ನೂ ಕೇಳಿ ಬರೆದುಕೊಳ್ಳಿ. ಅವು ದೊಡ್ಡದರ ಮುನ್ಸೂಚನೆ. ಐದರಲ್ಲಿ ನಾಲ್ಕು ಮಳೆಯಲ್ಲಿ ಆಗಿದ್ದರೆ ಹಿಡಿತ ಅಥವಾ ನೀರು ನಿಲ್ಲುವ ಸಮಸ್ಯೆ. ಕತ್ತಲಲ್ಲೇ ಆಗಿದ್ದರೆ ತಿರುವು ಕಾಣುತ್ತಿಲ್ಲ ಎಂದು. ಡಿಮ್ ಮಾಡಿದ ಹೆಡ್‌ಲೈಟ್ ಸುಮಾರು 50 ಮೀಟರ್ ತೋರಿಸುತ್ತದೆ. 80ರಲ್ಲಿ ಬರುವ ಗಾಡಿ ಒದ್ದೆಯಿಲ್ಲದ ರಸ್ತೆಯಲ್ಲೂ ನಿಲ್ಲಲು 65 ಮೀಟರ್‌ಗಿಂತ ಜಾಸ್ತಿ ಬೇಕು.

ಆಮೇಲೆ ಹಗಲಲ್ಲಿ, ಗಾಡಿ ಕಡಿಮೆ ಇರುವಾಗ, ರಸ್ತೆಯ ಹೊರಗೆ ನಿಂತು ನೋಡಿ. ಡಾಂಬರಿನ ಮೇಲೆ ಇಳಿಯಬೇಡಿ. ಮಳೆ ನಿಂತ ಮೇಲೆ ನೀರು ಯಾವ ಕಡೆಗೆ ಹರಿಯುತ್ತದೆ ಎಂಬುದು ಓರೆಯನ್ನು ತೋರಿಸುತ್ತದೆ, ಯಾವ ಯಂತ್ರವೂ ಬೇಡ. ತಿರುವಿನ ಹೊರಪಕ್ಕದ ನೀರು ಹೊರಗೇ ಹರಿಯುತ್ತಿದ್ದರೆ ಫೋಟೋ ತೆಗೆದುಕೊಳ್ಳಿ. ಅದೊಂದು ಫೋಟೋ ಹತ್ತು ಪುಟದ ಮನವಿಗಿಂತ ಗಟ್ಟಿ.

ಅರ್ಜಿ ಕೊಡುವಾಗ "ಏನಾದರೂ ಮಾಡಿ" ಅಂತ ಬರೆಯಬೇಡಿ. ಹಾಗೆ ಬರೆದರೆ "ನಿಧಾನವಾಗಿ ಚಲಿಸಿ" ಎಂಬ ಒಂದು ಬೋರ್ಡ್ ಬರುತ್ತದೆ. ಬೇಕಾದದ್ದನ್ನು ಹೆಸರಿಟ್ಟು ಕೇಳಿ. ತಿರುವಿನ ಹೊರ ಅಂಚಿನ ಉದ್ದಕ್ಕೂ ಬೆಳಕು ಬಿದ್ದರೆ ಹೊಳೆಯುವ ಬಾಣದ ಫಲಕಗಳು. ಅಂಚಿಗೆ ಬಿಳಿ ಪಟ್ಟಿ. ತಿರುವಿಗೆ ಮುಂಚೆ ಗಾಡಿ ನಡುಗಿಸುವ ಅಡ್ಡಪಟ್ಟಿಗಳು. ಒರಟು ಜಲ್ಲಿಯ ಹೊಸ ಮೇಲ್ಪದರ. ಮರದ ಮುಂದೆ ಸರಿಯಾದ ತುದಿ ಇರುವ ತಡೆಬೇಲಿ. ಓರೆಯ ತಿದ್ದುಪಡಿ ದೊಡ್ಡ ಕೆಲಸ, ಅದು ಮುಂದಿನ ಡಾಂಬರಿನ ಜೊತೆ ಆಗಲಿ ಅಂತ ಕೇಳಿ. ಉಳಿದವು ಕೆಲವೇ ದಿನಗಳಲ್ಲಿ ಮುಗಿಯುವ ಕೆಲಸಗಳು.

ಒಂದು ವಿಷಯಕ್ಕೆ ಸಿದ್ಧರಾಗಿರಿ. ಏನೂ ಮಾಡದಿದ್ದರೂ ಮುಂದಿನ ವರ್ಷ ಅಲ್ಲಿ ಅಪಘಾತ ಕಡಿಮೆ ಆಗಬಹುದು. ಬಹಳ ಕೆಟ್ಟ ವರ್ಷದ ಮುಂದಿನ ವರ್ಷ ಸಾಮಾನ್ಯವಾಗಿ ಸ್ವಲ್ಪ ಒಳ್ಳೆಯದೇ ಇರುತ್ತದೆ, ಅದು ಲೆಕ್ಕದ ಸ್ವಭಾವ. ಆಗ "ನೋಡಿ, ಈಗ ಎಲ್ಲ ಸರಿ ಇದೆ" ಅನ್ನುತ್ತಾರೆ. ಒಪ್ಪಬೇಡಿ. ತಿರುವಿನ ಓರೆ, ಜಲ್ಲಿಯ ನುಣುಪು, ಮರದ ಜಾಗ ಬದಲಾಗಿದೆಯಾ ಅಂತ ಕೇಳಿ.

ಕೊನೆಯದಾಗಿ ನಿಮ್ಮ ತಮ್ಮನಿಗೆ. ನೀವು ಇನ್ನೂ ಹತ್ತು ಕಿಲೋಮೀಟರ್ ನಿಧಾನ ಹೋಗಿದ್ದರೆ ಬಹುಶಃ ಬೀಳುತ್ತಿರಲಿಲ್ಲ. ಅದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಮುಂದೆ ಮಳೆಯಲ್ಲಿ ಹಾಗೆ ಹೋಗಿ. ಆದರೆ ಆ ಸಂಜೆ ನೀವು ಮಾಡಿದ್ದನ್ನು ಅದೇ ವೇಗದಲ್ಲಿ ಎಷ್ಟೋ ಜನ ಎಷ್ಟೋ ತಿರುವುಗಳಲ್ಲಿ ಮಾಡಿ ಮನೆಗೆ ಹೋಗಿದ್ದಾರೆ. ನಿಮಗಿಂತ ಮುಂಚೆ ನಾಲ್ಕು ಜನ ಅದೇ ಜಾಗದಲ್ಲಿ ಬಿದ್ದಾಗ ಯಾರಾದರೂ ಬಂದು ನೀರು ಎತ್ತ ಹರಿಯುತ್ತದೆ ಅಂತ ನೋಡಿದ್ದರೆ ಐದನೆಯವರು ಇರುತ್ತಿರಲಿಲ್ಲ. ಕಾಲು ಸರಿ ಹೋದ ಮೇಲೆ ಆ ಫೋಟೋ ತೆಗೆಯಲು ಅಣ್ಣನ ಜೊತೆ ನೀವೂ ಹೋಗಿ. ಓರೆಯ ಅಳತೆ ಸಿಕ್ಕಿದರೆ ನನಗೆ ಬರೆಯಿರಿ, ಲೆಕ್ಕ ಹಾಕಿ ಕಳಿಸುತ್ತೇನೆ. ಅರ್ಜಿಯ ಜೊತೆ ಸೇರಿಸಬಹುದು.